ಗಡಿ ದಾಟುವ ಅಂಕಿಗೆ ಗೇಜು

ಬೆಳಗಾವಿಯಿಂದ ಗೋವಾಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 748 ರಾಮನಗರ ದಾಟಿ ಕಾಡು ಹೊಕ್ಕು, ಅನಮೋಡದ ಚೆಕ್‌ಪೋಸ್ಟಿನಲ್ಲಿ ಒಮ್ಮೆ ನಿಂತು ಉಸಿರು ಬಿಟ್ಟು ಘಟ್ಟ ಇಳಿಯುತ್ತದೆ. ಲಾರಿಯವರು ಕಾಗದ ಹಿಡಿದು ಇಳಿಯುವ ಜಾಗ ಅದು. ಇದೇ ಜೋಯಿಡಾ ತಾಲ್ಲೂಕಿನಲ್ಲಿ, ಅಲ್ಲಿಂದ ಹೆಚ್ಚು ದೂರವಿಲ್ಲದ ಕ್ಯಾಸಲ್‌ರಾಕ್ ರೈಲು ನಿಲ್ದಾಣವೂ ಒಂದು ಕಾಲದ ಗಡಿಯೇ. 1961ರವರೆಗೆ ಅದರಾಚೆ ಪೋರ್ಚುಗೀಸರ ನೆಲ. ರೈಲು ಆಚೀಚೆ ಓಡಾಡುತ್ತಿದ್ದ ದಿನಗಳಲ್ಲಿ ಇಲ್ಲಿ ಸುಂಕದವರು ಪೆಟ್ಟಿಗೆ ಬಿಚ್ಚಿಸುತ್ತಿದ್ದರು. ಆದರೆ ಒಂದು ಕೆಲಸ ಮಾತ್ರ ಇರಲಿಲ್ಲ: ಸರಕನ್ನು ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸುವುದು. ಈಚೆಯ ದಕ್ಷಿಣ ಮರಾಠಾ ರೈಲ್ವೆಯದೂ ಮೀಟರ್ ಗೇಜು, ಆಚೆ ಮುರ್ಮಗೋವಾ ಬಂದರಿಗೆ ಹೋಗುವ ಹಳಿಯೂ ಮೀಟರ್ ಗೇಜು. ಎರಡೂ ಕಡೆ ಹಳಿಗಳ ನಡುವೆ 1000 ಮಿಲಿಮೀಟರ್. ರಾಜ್ಯ ಬೇರೆ, ಭಾಷೆ ಬೇರೆ, ನಾಣ್ಯ ಬೇರೆ, ಅಗಲ ಒಂದೇ. 1990ರ ದಶಕದಲ್ಲಿ ಇದೇ ಘಟ್ಟದ ಹಳಿ 1676 ಮಿಲಿಮೀಟರಿನ ಬ್ರಾಡ್‌ಗೇಜಿಗೆ ಬದಲಾಯಿತು.

ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರಿಗೂ ಇಂಥ ಗಡಿಗಳಿವೆ. ಪ್ರೋಗ್ರಾಮಿನಿಂದ ಫೈಲಿಗೆ, ಒಂದು ಯಂತ್ರದಿಂದ ತಂತಿಯ ಮೇಲೆ ಇನ್ನೊಂದಕ್ಕೆ, ಬಳಕೆದಾರನ ಕೋಡಿನಿಂದ ಕರ್ನಲ್‌ಗೆ ಅಂಕಿಗಳು ದಾಟುವ ಜಾಗಗಳು ಅವು. ಅಲ್ಲಿ ಗೇಜು ಹೊಂದಲಿ ಎಂದೇ ಸಿಸ್ಟಮ್ ಹೆಡರ್ ಫೈಲುಗಳಲ್ಲಿ ಅಗಲ ನಿಗದಿಯಾದ ಪೂರ್ಣಾಂಕ ಟೈಪುಗಳನ್ನು ಕೊಟ್ಟಿದ್ದಾರೆ: ಇಂಟ್8_ಟಿ, ಇಂಟ್16_ಟಿ, ಇಂಟ್32_ಟಿ, ಇಂಟ್64_ಟಿ, ಮತ್ತು ಚಿಹ್ನೆಯಿಲ್ಲದವಕ್ಕೆ ಮುಂದೆ ಒಂದು ಯು. ಇವುಗಳ ಬಗ್ಗೆ ಸಹೋದ್ಯೋಗಿಗಳಿಂದ, ವಿದ್ಯಾರ್ಥಿಗಳಿಂದ ಕೇಳಿದ, ಒಂದೆರಡು ಸಲ ನಾನೇ ನಂಬಿ ಕೆಟ್ಟ ಮಾತುಗಳನ್ನು ಇಲ್ಲಿ ಹರಡಿಕೊಂಡಿದ್ದೇನೆ.

ತಪ್ಪು ಕಲ್ಪನೆ: ಇಂಟ್ ಅಂದರೆ ನಾಲ್ಕು ಬೈಟು, ಅದರಲ್ಲೇನಿದೆ?

ವಾಸ್ತವ: ಸಿ ಮಾನಕ ಹಾಗೆ ಎಲ್ಲಿಯೂ ಹೇಳಿಲ್ಲ. ಇಂಟ್ ಕನಿಷ್ಠ 16 ಬಿಟ್ ಇರಬೇಕು, ಲಾಂಗ್ ಕನಿಷ್ಠ 32 ಇರಬೇಕು, ಅಷ್ಟೇ. 1978ರಲ್ಲಿ ಕರ್ನಿಗನ್ ಮತ್ತು ರಿಚಿ ಬರೆದ ಸಿ ಪುಸ್ತಕದ ಮೊದಲ ಆವೃತ್ತಿಯಲ್ಲೇ ಒಂದು ಪಟ್ಟಿ ಇದೆ: ಪಿಡಿಪಿ-11 ಯಂತ್ರದಲ್ಲಿ ಇಂಟ್ 16 ಬಿಟ್, ಐಬಿಎಂ 370ಯಲ್ಲಿ 32, ಹನಿವೆಲ್ 6000ದಲ್ಲಿ 36. ಹನಿವೆಲ್‌ನಲ್ಲಿ ಕ್ಯಾರ್ ಕೂಡ 9 ಬಿಟ್! ನಮ್ಮ ಕಡೆ ಮೆಟ್ರಿಕ್ ಬರುವ ಮೊದಲು ಊರಿಗೊಂದು ಸೇರು, ಸಂತೆಗೊಂದು ಕೊಳಗ ಇದ್ದ ಹಾಗೆ.

ಅದೆಲ್ಲ ಹಳೆಯ ಕಾಲದ್ದು ಅನ್ನುವವರು ಅರ್ಡುಯಿನೊ ಊನೊ ಆರ್3 ಬೋರ್ಡನ್ನು ಕೈಗೆತ್ತಿಕೊಳ್ಳಲಿ. ಎಂಜಿನಿಯರಿಂಗ್ ಹುಡುಗರು ಪ್ರಾಜೆಕ್ಟಿಗೆಂದು ಮೊದಲು ಕೊಳ್ಳುವುದು ಅದನ್ನೇ, ಅದರಲ್ಲಿ ಇಂಟ್ ಎರಡೇ ಬೈಟು. ಅಂಥ ಒಂದು ಬೋರ್ಡಿನಿಂದ ಸೂಪಾ ಜಲಾಶಯದ ಮಟ್ಟ ದಾಖಲಿಸಲು ಹೊರಟೆವು ಅಂದುಕೊಳ್ಳಿ. ಹಳೆಯ ಸೂಪಾ ಊರನ್ನು ಮುಳುಗಿಸಿ ನಿಂತ ಈ ಅಣೆಕಟ್ಟಿನ ಪೂರ್ಣಮಟ್ಟ ಸಮುದ್ರಮಟ್ಟದಿಂದ 564 ಮೀಟರ್. ದಶಾಂಶದ ರಗಳೆ ಬೇಡವೆಂದು ಸೆಂಟಿಮೀಟರಿನಲ್ಲಿ ಇಟ್ಟರೆ 56,400. ಚಿಹ್ನೆಯಿರುವ 16 ಬಿಟ್ಟಿನ ಇಂಟ್ ಹಿಡಿಯುವುದು 32,767ರವರೆಗೆ ಮಾತ್ರ. ಜಿಸಿಸಿ ಕಂಪೈಲರ್ ಉಳಿದದ್ದನ್ನು ಸುತ್ತಿ ಹಾಕುತ್ತದೆ, ಪರದೆಯ ಮೇಲೆ ಬರುವುದು ಮೈನಸ್ 9,136. ತುಂಬಿದ ಸೂಪಾ ಸಮುದ್ರಮಟ್ಟಕ್ಕಿಂತ 91 ಮೀಟರ್ ಕೆಳಗೆ! ಅದೇ ಕೋಡು ಲ್ಯಾಪ್‌ಟಾಪಿನಲ್ಲಿ ಸರಿಯಾಗಿಯೇ ಓಡುತ್ತದೆ, ಅದಕ್ಕೇ ಈ ತಪ್ಪು ಮೇಜಿನ ಮೇಲೆ ಸಿಗುವುದಿಲ್ಲ.

ತಪ್ಪು ಕಲ್ಪನೆ: ಅನುಮಾನ ಬಂದರೆ ಲಾಂಗ್ ಹಾಕಿ, ಸಾಕಾಗುತ್ತದೆ.

ವಾಸ್ತವ: ಸೂಪಾದಲ್ಲೇ ಇನ್ನೊಂದು ಅಂಕಿ ಇದೆ. ಅದರ ಒಟ್ಟು ಸಾಮರ್ಥ್ಯ ಸುಮಾರು 147.5 ಟಿಎಂಸಿ, ಘನ ಮೀಟರಿನಲ್ಲಿ ಸುಮಾರು 418 ಕೋಟಿ. ಚಿಹ್ನೆಯಿರುವ 32 ಬಿಟ್ಟಿಗೆ ಮಿತಿ 214 ಕೋಟಿ 74 ಲಕ್ಷ ಚಿಲ್ಲರೆ. ಚಿಹ್ನೆಯಿಲ್ಲದ 32 ಬಿಟ್ಟಿಗೆ 429 ಕೋಟಿ 49 ಲಕ್ಷ. ಅಂದರೆ ತುಂಬಿದ ಸೂಪಾ ಯುಇಂಟ್32_ಟಿಯಲ್ಲಿ ಅಂಚಿನವರೆಗೆ ಬಂದು ನಿಲ್ಲುತ್ತದೆ, ಇಂಟ್32_ಟಿಯಲ್ಲಿ ಅರ್ಧ ತುಂಬುವಾಗಲೇ ಕೋಡಿ ಹರಿಯುತ್ತದೆ. ಘನ ಅಡಿಯಲ್ಲಿ ಲೆಕ್ಕ ಇಟ್ಟರೆ 14,750 ಕೋಟಿ, ಅದಕ್ಕೆ 64 ಬಿಟ್ ಬೇಕೇ ಬೇಕು.

ಈಗ ಆ ಘನ ಮೀಟರಿನ ಅಂಕಿಯನ್ನು ಲಾಂಗ್‌ನಲ್ಲಿ ಇಡುತ್ತೀರಿ. 64 ಬಿಟ್ಟಿನ ಲಿನಕ್ಸಿನಲ್ಲಿ, ಮ್ಯಾಕಿನಲ್ಲಿ ಲಾಂಗ್ 64 ಬಿಟ್, ಸರಿಹೋಯಿತು. 64 ಬಿಟ್ಟಿನ ವಿಂಡೋಸಿನಲ್ಲಿ ಲಾಂಗ್ ಇಂದಿಗೂ 32 ಬಿಟ್. ಹಳೆಯ ಪ್ರೋಗ್ರಾಮುಗಳು, ಫೈಲಿನ ರಚನೆಗಳು ಲಾಂಗ್ 32 ಎಂದು ನಂಬಿ ಕೂತಿದ್ದವು, ಅವನ್ನು ಕದಲಿಸುವುದು ಬೇಡವೆಂದು ಮೈಕ್ರೋಸಾಫ್ಟ್ ಅದನ್ನು ಹಾಗೇ ಬಿಟ್ಟಿತು. ಒಂದೇ ಮೂಲ ಕೋಡು, ಒಂದೇ ಬಗೆಯ ಪ್ರೊಸೆಸರು, ಒಂದು ಕಡೆ ಉತ್ತರ 418 ಕೋಟಿ, ಇನ್ನೊಂದು ಕಡೆ ಮೈನಸ್ 11 ಕೋಟಿ ಚಿಲ್ಲರೆ.

ತಪ್ಪು ಕಲ್ಪನೆ: ನಮ್ಮದೇ ಹೆಡರಿನಲ್ಲಿ ಯು32 ಅಂತ ಟೈಪ್‌ಡೆಫ್ ಮಾಡಿಕೊಂಡರೆ ಆಯಿತು.

ವಾಸ್ತವ: ಈ ಗುಂಡಿಗೆ ನಾನೇ ಬಿದ್ದಿದ್ದೇನೆ, ಹಾಗಾಗಿ ಇದರ ಮೇಲೆ ಸ್ವಲ್ಪ ಹೊತ್ತು ಕೂರುತ್ತೇನೆ.

ಸ್ವಂತ ಟೈಪ್‌ಡೆಫ್ ಮಾಡುವುದು ಹಿಂದೆ ಅನಿವಾರ್ಯವೇ ಆಗಿತ್ತು. 1989ರ ಮಾನಕದಲ್ಲಿ ಅಗಲ ನಿಗದಿಯಾದ ಟೈಪುಗಳೇ ಇರಲಿಲ್ಲ. ಬಿಎಸ್‌ಡಿಯವರು ಯು_ಇಂಟ್32_ಟಿ ಮಾಡಿಕೊಂಡರು, ವಿಂಡೋಸಿನವರು ಡಿವರ್ಡ್ ಅಂದರು, ಲಿನಕ್ಸ್ ಕರ್ನಲ್‌ನವರು ಯು32 ಅಂದರು. ಎಸ್‌ಟಿಡಿಇಂಟ್.ಎಚ್ ಎಂಬ ಹೆಡರು ಮಾನಕಕ್ಕೆ ಬಂದದ್ದು ಸಿ99ರಲ್ಲಿ, ಅಂದರೆ 1999ಕ್ಕೆ. ಮೈಕ್ರೋಸಾಫ್ಟಿನ ವಿಷುವಲ್ ಸ್ಟುಡಿಯೊ ಅದನ್ನು ಕೊಟ್ಟದ್ದು 2010ರ ಆವೃತ್ತಿಯಲ್ಲಿ. ನಡುವಿನ ಹನ್ನೊಂದು ವರ್ಷ ಎರಡೂ ಕಡೆ ಓಡುವ ಕೋಡು ಬರೆದವರು ತಮ್ಮ ಅಳತೆಗೋಲನ್ನು ತಾವೇ ಹೊತ್ತು ತಿರುಗಿದರು.

ನಾನಿದ್ದ ಒಂದು ತಂಡದಲ್ಲಿ ಮಳೆ ದಾಖಲಿಸುವ ಸಣ್ಣ ಯಂತ್ರವಿತ್ತು. ಹೆಡರಿನಲ್ಲಿ ಯಾರೋ ಬಹಳ ಹಿಂದೆ ಚಿಹ್ನೆಯಿಲ್ಲದ ಲಾಂಗ್‌ಗೆ ಯು32 ಎಂದು ಹೆಸರಿಟ್ಟಿದ್ದರು. ಆ ದಿನಗಳ 32 ಬಿಟ್ಟಿನ ಯಂತ್ರದಲ್ಲಿ ಅದು ನಿಜವೂ ಆಗಿತ್ತು. ಒಂದು ದಾಖಲೆಗೆ ಎರಡು ಯು32: ಒಂದು ಹೊತ್ತು, ಒಂದು ಮಳೆ, ಒಟ್ಟು 8 ಬೈಟು. ಫೈಲ್ ಓದುವ ಪ್ರೋಗ್ರಾಮನ್ನು 64 ಬಿಟ್ಟಿನ ಲಿನಕ್ಸಿಗೆ ತಂದೆವು. ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಡಲಿಲ್ಲ. ಯು32 ಎಂಬ ಹೆಸರಿನ ಟೈಪು ಮೆಲ್ಲಗೆ 64 ಬಿಟ್ ಆಗಿತ್ತು. ಮೊದಲ ದಾಖಲೆಯ ಹೊತ್ತು ಮತ್ತು ಮಳೆ ಎರಡೂ ಸೇರಿ ಒಂದೇ ದೈತ್ಯ ಹೊತ್ತಾಯಿತು, ಎರಡನೆಯ ದಾಖಲೆ ಇಡಿಯಾಗಿ ಮೊದಲನೆಯದರ ಮಳೆಯಾಯಿತು. ಹೆಸರಿನಲ್ಲಿ 32 ಇದ್ದದ್ದರಿಂದಲೇ ಎರಡು ದಿನ ಯಾರಿಗೂ ಅದರ ಮೇಲೆ ಗುಮಾನಿ ಬರಲಿಲ್ಲ. ಹೆಸರಿಗೂ ಅಗಲಕ್ಕೂ ಸಂಬಂಧ ಕಟ್ಟುವುದು ಟೈಪ್‌ಡೆಫ್ ಸಾಲು ಮಾತ್ರ, ಆ ಸಾಲು ಸುಳ್ಳಾದರೆ ಹೆಸರು ಸುಳ್ಳು ಹೇಳುತ್ತಲೇ ಇರುತ್ತದೆ.

ಹಾಗಾದರೆ ಸಿಸ್ಟಮ್ ಹೆಡರಿನ ಸಾಲು ಹೇಗೆ ಸುಳ್ಳಾಗುವುದಿಲ್ಲ? ಅದು ಊಹೆ ಮಾಡುವುದಿಲ್ಲ, ಕಂಪೈಲರನ್ನು ಕೇಳುತ್ತದೆ. ತಾನು ಯಾವ ಯಂತ್ರಕ್ಕೆ ಕೋಡು ಹೊರಡಿಸುತ್ತಿದ್ದೇನೆ ಎಂಬುದು ಕಂಪೈಲರಿಗೆ ಗೊತ್ತೇ ಇರುತ್ತದಲ್ಲ. ಜಿಸಿಸಿ, ಕ್ಲ್ಯಾಂಗ್ ಎರಡೂ ಈ ಯಂತ್ರದಲ್ಲಿ 32 ಬಿಟ್ಟಿನ ಟೈಪು ಯಾವುದು ಎಂಬುದನ್ನು ಒಂದು ಒಳಮ್ಯಾಕ್ರೊದಲ್ಲಿ ಇಟ್ಟುಕೊಂಡಿರುತ್ತವೆ. ಸಣ್ಣ ಯಂತ್ರಗಳಿಗೆ ಬಳಸುವ ನ್ಯೂಲಿಬ್ ಲೈಬ್ರರಿಯ ಹೆಡರು ಅದನ್ನೇ ಎತ್ತಿಕೊಂಡು ಹೆಸರಿಡುತ್ತದೆ. ಲಿನಕ್ಸಿನ ಗ್ಲಿಬ್‌ಸಿ ವರ್ಡ್ ಅಗಲ 32ಓ 64ಓ ಎಂದು ನೋಡಿ, ಇಂಟ್64_ಟಿಗೆ ಒಂದು ಕಡೆ ಲಾಂಗ್ ಲಾಂಗ್, ಇನ್ನೊಂದು ಕಡೆ ಲಾಂಗ್ ಕಟ್ಟುತ್ತದೆ. ಯುಇಂಟ್32_ಟಿ ಎಂಬುದು ಆಕಾಶದಿಂದ ಇಳಿದ ಹೊಸ ಟೈಪಲ್ಲ, ಇರುವ ಟೈಪಿಗೇ ಇಟ್ಟ ಹೆಸರು. ಆದರೆ ಇಟ್ಟವರು ಯಂತ್ರವನ್ನು ಬಲ್ಲವರು.

ಇನ್ನೊಂದು ಮಾತು. ನಿಮ್ಮ ಹೆಸರಿಗೆ ಅಂತ್ಯದಲ್ಲಿ _ಟಿ ಹಚ್ಚಬೇಡಿ, ಯುನಿಕ್ಸ್ ಬಗೆಯ ವ್ಯವಸ್ಥೆಗಳ ಮಾನಕವಾದ ಪೋಸಿಕ್ಸ್ ಅದನ್ನು ತನಗೆಂದು ಕಾಯ್ದಿರಿಸಿಕೊಂಡಿದೆ. ಎರಡು ಲೈಬ್ರರಿಗಳು ಇಂಟ್32 ಎಂಬ ಒಂದೇ ಹೆಸರಿಗೆ ಒಂದು ಇಂಟ್ ಅಂತಲೂ ಇನ್ನೊಂದು ಲಾಂಗ್ ಅಂತಲೂ ಹೇಳಿದರೆ, ಆ ಯಂತ್ರದಲ್ಲಿ ಎರಡರ ಅಗಲವೂ ಒಂದೇ ಆಗಿದ್ದರೂ ಕಂಪೈಲರ್ ಒಪ್ಪುವುದಿಲ್ಲ. ಲಿನಕ್ಸ್ ಕರ್ನಲ್ ಹೊರಗಿನವರಿಗೆ ಕೊಡುವ ಹೆಡರುಗಳಲ್ಲಿ ಯು32ರ ಮುಂದೆ ಎರಡು ಅಂಡರ್‌ಸ್ಕೋರ್ ಯಾಕಿವೆ ಎಂದು ಹೊಸಬರು ಕೇಳುತ್ತಾರೆ. ಹಾಗೆ ಶುರುವಾಗುವ ಹೆಸರುಗಳನ್ನು ನಾವು ಬಳಸಕೂಡದೆಂದು ಮಾನಕವೇ ಹೇಳಿರುವುದರಿಂದ ಅಲ್ಲಿ ಡಿಕ್ಕಿಯ ಭಯವಿಲ್ಲ.

ತಪ್ಪು ಕಲ್ಪನೆ: ಯುಇಂಟ್8_ಟಿ ಎಲ್ಲ ಕಡೆ ಸಿಗುತ್ತದೆ.

ವಾಸ್ತವ: ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದು ವಿನ್ಯಾಸ ಕೇಂದ್ರ ತೆರೆದದ್ದು ನಮ್ಮ ಐಟಿ ಕಥೆಯ ಮೊದಲ ಪುಟಗಳಲ್ಲಿದೆ. ಮೋಟಾರು, ಸೌರ ಇನ್ವರ್ಟರುಗಳನ್ನು ನಡೆಸುವ ಆ ಕಂಪನಿಯ ಸಿ2000 ಸರಣಿಯ ಬಹುಪಾಲು ಚಿಪ್ಪುಗಳಲ್ಲಿ ಕ್ಯಾರ್‌ನ ಅಗಲವೇ 16 ಬಿಟ್. ಅದಕ್ಕಿಂತ ಕಿರಿದಾಗಿ ವಿಳಾಸ ಹಿಡಿಯಲು ಬರುವುದಿಲ್ಲ. ಹಾಗಾಗಿ 8 ಬಿಟ್ಟಿನ ಟೈಪು ಇರಲು ಸಾಧ್ಯವೇ ಇಲ್ಲ, ಹೆಡರು ಅದನ್ನು ಕೊಡುವುದೂ ಇಲ್ಲ. ಮಾನಕವೂ ಕರಾರುವಾಕ್ಕಾದ ಅಗಲದ ಟೈಪುಗಳನ್ನು ಐಚ್ಛಿಕವೆಂದೇ ಇಟ್ಟಿದೆ: ಯಂತ್ರದಲ್ಲಿ ಇದ್ದರೆ ಕೊಡಬೇಕು, ಇಲ್ಲದಿದ್ದರೆ ಸುಳ್ಳು ಹೇಳಬಾರದು. ಕಡ್ಡಾಯವಾಗಿ ಇರಬೇಕಾದವು 'ಕನಿಷ್ಠ ಇಷ್ಟು' ಎನ್ನುವ ಲೀಸ್ಟ್ ಟೈಪುಗಳು ಮತ್ತು 'ಇಷ್ಟಾದರೂ ಇರುವ, ವೇಗವಾದದ್ದು' ಎನ್ನುವ ಫಾಸ್ಟ್ ಟೈಪುಗಳು. ಪೋಸಿಕ್ಸ್ ಮಾತ್ರ 8, 16, 32ನ್ನು ಕಡ್ಡಾಯ ಮಾಡಿದೆ, ಲಿನಕ್ಸ್ ಮತ್ತು ಬಿಎಸ್‌ಡಿ ಜಗತ್ತಿನಲ್ಲೇ ಬೆಳೆದವರಿಗೆ ಈ ಭ್ರಮೆ ಬರುವುದು ಅದಕ್ಕೇ.

ಟೈಪು ಸಿಗದೆ ಕಂಪೈಲ್ ಮುರಿದು ಬಿದ್ದರೆ ಬೈಯಬೇಡಿ. ಆ ಕೋಡು ಅಲ್ಲಿ ಓಡಬಾರದು ಎಂದು ಹೆಡರು ಗಡಿಯಲ್ಲೇ ತಡೆದದ್ದು ಅದು.

ತಪ್ಪು ಕಲ್ಪನೆ: ಫಾಸ್ಟ್ ಅಂದಮೇಲೆ ವೇಗ, ಸಣ್ಣ ಟೈಪು ಅಂದಮೇಲೆ ಉಳಿತಾಯ.

ವಾಸ್ತವ: 64 ಬಿಟ್ಟಿನ ಇಂಟೆಲ್ ಬಗೆಯ ಯಂತ್ರದಲ್ಲಿ ಗ್ಲಿಬ್‌ಸಿಯ ಯುಇಂಟ್_ಫಾಸ್ಟ್16_ಟಿ 8 ಬೈಟು ತಿನ್ನುತ್ತದೆ. ಹತ್ತು ಲಕ್ಷ ಅಂಕಿಗಳ ಸಾಲನ್ನು ಅದರಲ್ಲಿಟ್ಟರೆ 20 ಲಕ್ಷ ಬೈಟಿನ ಬದಲು 80 ಲಕ್ಷ. ಇನ್ನು ಒಂದು ರಚನೆಯಲ್ಲಿ ಒಂದು ಯುಇಂಟ್8_ಟಿ, ಪಕ್ಕದಲ್ಲಿ ಒಂದು ಯುಇಂಟ್32_ಟಿ ಇಟ್ಟರೆ ಸಾಮಾನ್ಯವಾಗಿ 5 ಬೈಟಲ್ಲ, 8. ನಡುವೆ ಮೂರು ಖಾಲಿ ಸೀಟು.

ತಪ್ಪು ಕಲ್ಪನೆ: ಅಗಲ ನಿಗದಿಯಾಯಿತು ಅಂದಮೇಲೆ ಎಲ್ಲ ಯಂತ್ರದಲ್ಲೂ ಲೆಕ್ಕ ಒಂದೇ.

ವಾಸ್ತವ: ಗೇಜು ಹೊಂದಿದರೆ ಡಬ್ಬಿ ದಾಟುತ್ತದೆ. ಒಳಗಿನ ಸರಕು ಸರಿಯಿದೆಯೇ ಎಂದು ಹಳಿ ಹೇಳುವುದಿಲ್ಲ.

ಮೊದಲನೆಯದು, ಲೆಕ್ಕ ಮಾಡುವಾಗ ಸಣ್ಣ ಟೈಪುಗಳು ಸಣ್ಣದಾಗಿ ಉಳಿಯುವುದಿಲ್ಲ. ಸೂಪಾದ ಮಟ್ಟವನ್ನು ಈ ಸಲ ಜಾಣತನದಿಂದ ಯುಇಂಟ್16_ಟಿಯಲ್ಲಿ ಇಟ್ಟಿದ್ದೇವೆ, 56,400 ಸಲೀಸಾಗಿ ಕೂತಿದೆ. ಏರಿಳಿತದ ಸರಾಸರಿ ತೆಗೆಯಲು ಅದರ ವರ್ಗ ಬೇಕು: 318 ಕೋಟಿ 9 ಲಕ್ಷ 60 ಸಾವಿರ. ಗುಣಿಸುವ ಎರಡಕ್ಕೂ ಚಿಹ್ನೆಯಿಲ್ಲ, ಉತ್ತರ ಇಡುವ ಜಾಗ ಯುಇಂಟ್32_ಟಿ, ಅಲ್ಲೂ ಚಿಹ್ನೆಯಿಲ್ಲ. ಆದರೂ ಇಂಟ್ 32 ಬಿಟ್ ಇರುವ ಯಂತ್ರದಲ್ಲಿ ಗುಣಾಕಾರಕ್ಕೆ ಮೊದಲು ಎರಡೂ ಚಿಹ್ನೆಯಿರುವ ಇಂಟ್ ಆಗಿ ಬಡ್ತಿ ಪಡೆಯುತ್ತವೆ, 214 ಕೋಟಿ ದಾಟಿದ ಕೂಡಲೇ ಮಾನಕದ ಪ್ರಕಾರ ಏನು ಬೇಕಾದರೂ ಆಗಬಹುದು. ಒಂದನ್ನಾದರೂ ಮೊದಲೇ ಯುಇಂಟ್32_ಟಿಗೆ ಬದಲಿಸಿಕೊಂಡು ಗುಣಿಸಿದರೆ ತೊಂದರೆಯಿಲ್ಲ. ಹೆಡರಿನಲ್ಲಿ ಟೈಪಿನ ಅಗಲವಿದೆ, ಈ ಬಡ್ತಿಯ ನಿಯಮ ಭಾಷೆಯೊಳಗಿದೆ. ಹೆಡರು ಅದನ್ನು ತಿದ್ದಲಾರದು.

ಎರಡನೆಯದು ಚಿಹ್ನೆ. ಇದು ಕನ್ನಡ ಓದುವ ಪ್ರೋಗ್ರಾಂ ಬರೆಯುವ ಎಲ್ಲರಿಗೂ ತಟ್ಟುತ್ತದೆ. 'ಅ' ಅಕ್ಷರ ಯುಟಿಎಫ್-8ರಲ್ಲಿ ಮೂರು ಬೈಟು: 224, 178, 133. ಅನಮೋಡ ಎಂಬ ಹೆಸರಿಗೆ ಐದು ಸಂಕೇತ, 15 ಬೈಟು. ಇದನ್ನು ಬರೀ ಕ್ಯಾರ್‌ನಲ್ಲಿ ಓದಿದರೆ ಇಂಟೆಲ್ ಬಗೆಯ ಲಿನಕ್ಸಿನಲ್ಲಿ ಕ್ಯಾರ್‌ಗೆ ಚಿಹ್ನೆ ಇರುವುದರಿಂದ 224 ಹೋಗಿ ಮೈನಸ್ 32 ಆಗುತ್ತದೆ. ಆರ್ಮ್ ಚಿಪ್ಪಿನ ಲಿನಕ್ಸಿನಲ್ಲಿ ಚಿಹ್ನೆಯಿಲ್ಲ, 224 ಆಗಿಯೇ ಉಳಿಯುತ್ತದೆ. '127ಕ್ಕಿಂತ ದೊಡ್ಡದಾದರೆ ಕನ್ನಡ' ಎಂಬ ಸರಳ ಪರೀಕ್ಷೆ ಒಂದು ಯಂತ್ರದಲ್ಲಿ ಸರಿ, ಇನ್ನೊಂದರಲ್ಲಿ ಎಂದೂ ನಿಜವಾಗದು. ಆ ಬೈಟನ್ನೇ ಕೋಷ್ಟಕದ ಸೂಚಿಯಾಗಿ ಬಳಸಿದರೆ ಕೋಷ್ಟಕದ 32 ಮನೆ ಹಿಂದೆ ಏನಿದೆಯೋ ಅದನ್ನು ಓದುತ್ತದೆ. ಇಂಗ್ಲಿಷ್ ಪಠ್ಯ 127ರೊಳಗೇ ಇರುವುದರಿಂದ ಪರೀಕ್ಷೆ ಮಾಡಿದವರಿಗೆ ಇದು ಕಾಣಿಸುವುದೇ ಇಲ್ಲ, ಕನ್ನಡದವರಿಗೆ ಮೊದಲ ಅಕ್ಷರದಲ್ಲೇ ಕಾಣಿಸುತ್ತದೆ. ಯುಇಂಟ್8_ಟಿ ಎಂದು ಬರೆದಿದ್ದರೆ ಎರಡೂ ಕಡೆ 224. ಇನ್ನು ಡಬ್ಲ್ಯುಕ್ಯಾರ್_ಟಿ ನಂಬಿದವರ ಫೈಲಿನಲ್ಲಿ ಇದೇ ಅನಮೋಡ ವಿಂಡೋಸಿನಲ್ಲಿ 10 ಬೈಟು, ಲಿನಕ್ಸಿನಲ್ಲಿ 20.

ಮೂರನೆಯದು, ಹೊರಜಗತ್ತು 8, 16, 32 ಎಂಬ ಪೆಟ್ಟಿಗೆಗಳಲ್ಲೇ ಬರುವುದಿಲ್ಲ. ಇಸ್ರೋದ ನಾವಿಕ್ ಉಪಗ್ರಹಗಳು ಎಲ್5 ಮತ್ತು ಎಸ್ ಬ್ಯಾಂಡಿನಲ್ಲಿ ಕಳಿಸುವ ವಾರದ ಸಂಖ್ಯೆ 10 ಬಿಟ್ಟಿನದು. ಅದನ್ನು ಯುಇಂಟ್16_ಟಿಯಲ್ಲಿ ಇಟ್ಟ ಮಾತ್ರಕ್ಕೆ 1023 ಆದ ಮೇಲೆ 1024 ಬರುವುದಿಲ್ಲ, ಸೊನ್ನೆಯೇ ಬರುತ್ತದೆ. 1999ರ ಆಗಸ್ಟ್ 22ರಿಂದ ಶುರುವಾದ ಎಣಿಕೆ 2019ರ ಏಪ್ರಿಲ್ 7ಕ್ಕೆ ಹೀಗೆ ಸೊನ್ನೆಗೆ ಮರಳಿತು. ಬಸ್ಸುಗಳಲ್ಲಿ ಕೂರಿಸುವ ಜಾಡು ಹಿಡಿಯುವ ಪೆಟ್ಟಿಗೆಗಳ ಸಾಫ್ಟ್‌ವೇರ್ ಎಷ್ಟನೆಯ ಸುತ್ತು ಎಂಬುದನ್ನು ತಾನೇ ನೆನಪಿಟ್ಟುಕೊಳ್ಳಬೇಕು. ಬೈಟುಗಳು ಹಿಂದುಮುಂದಾಗಿ ಬರುವ ಎಂಡಿಯನ್ ಸಮಸ್ಯೆಯೂ ಇದೇ ಜಾತಿಯದು. ಲಿನಕ್ಸ್ ಕರ್ನಲ್ ಅದಕ್ಕೆಂದೇ ಎಲ್‌ಇ32, ಬಿಇ32 ಎಂದು ಟೈಪುಗಳನ್ನೇ ಬೇರೆ ಮಾಡಿದೆ.

ತಪ್ಪು ಕಲ್ಪನೆ: ಇಂಟ್64_ಟಿ ಮುದ್ರಿಸಲು ಶೇಕಡಾ ಎಲ್‌ಡಿ ಸಾಕು.

ವಾಸ್ತವ: 64 ಬಿಟ್ಟಿನ ಲಿನಕ್ಸಿನಲ್ಲಿ ಅದು ಲಾಂಗ್, ಸಾಕು. ಮ್ಯಾಕಿನಲ್ಲಿ ಲಾಂಗ್ ಲಾಂಗ್, ಅಗಲ ಅಷ್ಟೇ ಆದರೂ ಟೈಪು ಬೇರೆ, ಕಂಪೈಲರ್ ಗೊಣಗುತ್ತದೆ. ವಿಂಡೋಸಿನಲ್ಲಿ ಅಂಕಿಯೇ ತಪ್ಪುತ್ತದೆ. ಇಂಟ್‌ಟೈಪ್ಸ್.ಎಚ್ ಹೆಡರಿನಲ್ಲಿ ಪಿಆರ್‌ಐಡಿ64 ಎಂಬ ಮ್ಯಾಕ್ರೊ ಇದೆ. ನೋಡಲು ವಿಕಾರ, ಆದರೆ ಸರಿ.

ತಪ್ಪು ಕಲ್ಪನೆ: ಹಾಗಾದರೆ ಇಂಟ್ ಎಂಬುದನ್ನೇ ಬಿಟ್ಟುಬಿಡೋಣ.

ವಾಸ್ತವ: ಹೊಸದಾಗಿ ಕಲಿತವರ ಉತ್ಸಾಹ ಇದು. ಹತ್ತು ಸಲ ಸುತ್ತುವ ಲೂಪಿನ ಎಣಿಕೆಗೆ ಇಂಟ್16_ಟಿ ಹಾಕುವುದು ಮನೆಯಂಗಳದಲ್ಲಿ ಓಡಾಡಲು ರಹದಾರಿ ಪತ್ರ ಕೇಳಿದ ಹಾಗೆ. ಇಂಟ್ ಯಂತ್ರಕ್ಕೆ ಒಗ್ಗುವ ಅಗಲ, ಒಳಗಿನ ಲೆಕ್ಕಕ್ಕೆ ಅದು ಚೆನ್ನ. ಸಾಲಿನ ಉದ್ದಕ್ಕೆ ಸೈಜ್_ಟಿ ಇದೆ. ಅಂಕಿ ಫೈಲಿಗೆ, ತಂತಿಗೆ, ಚಿಪ್ಪಿನ ರಿಜಿಸ್ಟರಿಗೆ, ಇನ್ನೊಬ್ಬರ ಲೈಬ್ರರಿಗೆ ಹೋಗುವಾಗ ಗೇಜು ಅಳೆಯಿರಿ.

ತಪ್ಪು ಕಲ್ಪನೆ: ಈ ಟೈಪುಗಳು ಬಂದಮೇಲೆ 2038ರ ತೊಂದರೆ ಮುಗಿಯಿತು.

ವಾಸ್ತವ: ಹೊತ್ತು ಇಡುವ ಟೈಮ್_ಟಿ ಅಗಲ ನಿಗದಿಯಾದ ಟೈಪಲ್ಲ. ಅದು 1970ರ ಜನವರಿ 1ರಿಂದ ಸೆಕೆಂಡು ಎಣಿಸುತ್ತದೆ, ಹಳೆಯ 32 ಬಿಟ್ಟಿನ ವ್ಯವಸ್ಥೆಗಳಲ್ಲಿ 32 ಬಿಟ್ಟಿನದು. ಹೆಡರಿನಲ್ಲಿ ಒಂದು ಸಾಲು ಬದಲಿಸಿ 64 ಮಾಡಬಹುದಲ್ಲ ಅನ್ನಿಸುತ್ತದೆ. ಮಾಡಬಹುದು, ಆದರೆ ಆ ಸಾಲನ್ನು ನಂಬಿ ಕಟ್ಟಿದ ಪ್ರತಿ ಲೈಬ್ರರಿ, ಪ್ರತಿ ಪ್ರೋಗ್ರಾಂ ಅದೇ ರಾತ್ರಿ ಬದಲಾಗಬೇಕು. ಘಟ್ಟದ ಹಳಿಯನ್ನು ಬ್ರಾಡ್‌ಗೇಜಿಗೆ ತಂದಾಗ ಎಂಜಿನು, ಡಬ್ಬಿಗಳೂ ಬದಲಾಗಬೇಕಾದ ಹಾಗೆ. ಓಪನ್‌ಬಿಎಸ್‌ಡಿಯವರು 2014ರ 5.5 ಆವೃತ್ತಿಯಲ್ಲಿ ಒಂದೇ ಏಟಿಗೆ ಮಾಡಿದರು, ಅವರು ಇಡೀ ವ್ಯವಸ್ಥೆಯನ್ನು ಒಟ್ಟಿಗೇ ಕಟ್ಟುವವರು. ಲಿನಕ್ಸಿನಲ್ಲಿ ಕರ್ನಲ್ 2020ರ 5.6ರಲ್ಲಿ ಸಿದ್ಧವಾಯಿತು, ಗ್ಲಿಬ್‌ಸಿ 2021ರ 2.34ರಲ್ಲಿ ಟೈಮ್_ಬಿಟ್ಸ್ ಎಂಬ ಆಯ್ಕೆ ಕೊಟ್ಟಿತು, ಡೆಬಿಯನ್‌ನವರು 2024ರಲ್ಲಿ 32 ಬಿಟ್ಟಿನ ಆರ್ಮ್‌ನ ಪ್ಯಾಕೇಜುಗಳನ್ನು ಸಾಲಾಗಿ ಮತ್ತೆ ಕಟ್ಟಿದರು. ಟೈಮ್_ಟಿಯನ್ನು ಇಂಟ್32_ಟಿಯಲ್ಲಿ ಸುರಿದು ಫೈಲಿಗೆ ಬರೆಯುವ ಕೋಡನ್ನು ಇವರಾರೂ ಸರಿಮಾಡಲಾರರು. ಅಂಥದ್ದನ್ನು ನಾನೇ ಬರೆದಿದ್ದೇನೆ, ಎಲ್ಲಿಯೋ ಓಡುತ್ತಲೂ ಇರಬಹುದು.

ಹಾಗೆ ಉಳಿದುಕೊಂಡ ಪೆಟ್ಟಿಗೆಯೊಂದು ಅನಮೋಡದ ಮರದ ಕೆಳಗೆ ಮಳೆ ಎಣಿಸುತ್ತ ಕೂತಿದ್ದರೆ, 2038ರ ಜನವರಿ 19ರ ಮಂಗಳವಾರ ಬೆಳಿಗ್ಗೆ ನಮ್ಮ ಗಡಿಯಾರದಲ್ಲಿ 8 ಗಂಟೆ 44 ನಿಮಿಷ 7 ಸೆಕೆಂಡಿನವರೆಗೆ ಅದರ ದಾಖಲೆ ಸರಿಯಾಗಿರುತ್ತದೆ. ಮುಂದಿನ ಸೆಕೆಂಡಿಗೆ ಅದು ಬರೆಯುವ ತಾರೀಖು 1901ರ ಡಿಸೆಂಬರ್ 14, ನಡುರಾತ್ರಿ ಕಳೆದು 2 ಗಂಟೆ 15 ನಿಮಿಷ. ಆ ಹೊತ್ತಿಗೆ ಕ್ಯಾಸಲ್‌ರಾಕಿನಲ್ಲಿ ಸುಂಕದ ಕಟ್ಟೆ ಇತ್ತು, ಹಳಿಗಳ ನಡುವೆ 1000 ಮಿಲಿಮೀಟರ್ ಇತ್ತು.